ಬಸ್ಸು ತಾನಾಗಿ ಎಡಕ್ಕೆ ಎಳೆಯುತ್ತಿದೆಯೇ? ಫೋನು ವಾಲಿಸಿ ಆಡುವ ಆಟಗಳಿಗೊಂದು ಕೈಪಿಡಿ

"ಸುಮ್ನೆ ನೆಟ್ಗೆ ಹಿಡ್ಕಂಡಿದ್ರೂ ಎಡುಕ್ಕೇ ಎಳೀತದ ಕಣಣ್ಣ, ಈ ಫೋನೇ ಸರಿಯಿಲ್ಲ." ಮೊಬೈಲನ್ನೇ ಸ್ಟೇರಿಂಗ್ ಮಾಡಿಕೊಂಡು ಬಸ್ಸಿನ ಆಟ ಆಡುವ ಹುಡುಗರ ಬಾಯಲ್ಲಿ ಒಡೆಯರಪಾಳ್ಯದಿಂದ ಯಳಂದೂರಿನವರೆಗೆ ಕೇಳಿಬರುವ ದೂರು ಇದು. ಕೆಲವರು ಆಟವನ್ನು ಅಳಿಸಿ ಮತ್ತೆ ಹಾಕುತ್ತಾರೆ. ಕೆಲವರು ಕೊಳ್ಳೇಗಾಲದ ಅಂಗಡಿಗೆ ಫೋನು ಕೊಂಡೊಯ್ದು ರಿಪೇರಿಗೆ ದುಡ್ಡು ಕೊಡುತ್ತಾರೆ. ಇನ್ನು ಕೆಲವರು ತಮಗೆ ಕೈಚಳಕವಿಲ್ಲ ಎಂದುಕೊಂಡು ಗುಂಡಿ ಒತ್ತಿ ಆಡುವುದಕ್ಕೆ ಮರಳುತ್ತಾರೆ. ಬಹಳಷ್ಟು ಸಲ ಫೋನೂ ಸರಿಯಾಗಿರುತ್ತದೆ, ಕೈಯೂ ಸರಿಯಾಗಿರುತ್ತದೆ. ನೀವು 'ನೆಟ್ಟಗೆ' ಎಂದುಕೊಂಡದ್ದು ಒಂದು, ಫೋನು 'ನೆಟ್ಟಗೆ' ಎಂದುಕೊಂಡದ್ದು ಇನ್ನೊಂದು. ಅವೆರಡನ್ನು ಹೊಂದಿಸಿದರೆ ತೊಂದರೆಯ ಮುಕ್ಕಾಲು ಪಾಲು ಅಲ್ಲಿಗೇ ಮುಗಿಯುತ್ತದೆ.

ನಮ್ಮ ಕಡೆ ಈ ಬಗೆಯ ಆಟಗಳಲ್ಲಿ ಹೆಚ್ಚು ಪ್ರೀತಿಪಾತ್ರವಾದದ್ದು ಬಸ್ ಸಿಮ್ಯುಲೇಟರ್ ಇಂಡೋನೇಷ್ಯಾ. ಮಲೆಯೋ ಎಂಬ ಇಂಡೋನೇಷ್ಯಾದ ಸಂಸ್ಥೆ 2017ರಲ್ಲಿ ಹೊರತಂದ ಆಟ ಇದು. ಆ ದೇಶದಲ್ಲೂ ವಾಹನಗಳು ರಸ್ತೆಯ ಎಡಬದಿಯಲ್ಲೇ ಓಡುತ್ತವೆ, ಚಾಲಕ ಬಲಗಡೆ ಕೂರುತ್ತಾನೆ. ಹಾಗಾಗಿ ನಮ್ಮ ಮಕ್ಕಳಿಗೆ ಆಟದ ರಸ್ತೆ ಪರಕೀಯ ಅನ್ನಿಸುವುದಿಲ್ಲ. ಬಸ್ಸಿನ ಮೈಗೆ ಬೇಕಾದ ಬಣ್ಣ ಹಚ್ಚಿಕೊಳ್ಳಲು ಆಟದೊಳಗೇ ಅವಕಾಶವಿರುವುದರಿಂದ ಕೆಎಸ್‌ಆರ್‌ಟಿಸಿಯ ಕೆಂಪು ಬಸ್ಸು, ರಾಜಹಂಸ, ಐರಾವತ ಎಲ್ಲವೂ ಇಂಡೋನೇಷ್ಯಾದ ರಸ್ತೆಯ ಮೇಲೆ ಓಡಾಡುತ್ತಿವೆ. ಬಸ್ಸು ಬಂದರೆ ಊರಿಗೆ ಪೇಟೆ ಬಂದಂತೆ ಎನ್ನುವ ಸೀಮೆ ನಮ್ಮದು. ಇಲ್ಲಿನ ಮಕ್ಕಳು ಬೇರೆಲ್ಲ ಬಿಟ್ಟು ಸರ್ಕಾರಿ ಬಸ್ಸನ್ನೇ ಓಡಿಸಬೇಕೆಂದು ಆಸೆಪಡುವುದು ನನಗೆ ತುಂಬ ಇಷ್ಟವಾದ ಸಂಗತಿ.

ಕೈಯಲ್ಲಿ ಹಿಡಿದ ಯಂತ್ರವನ್ನೇ ವಾಲಿಸಿ ಆಡುವ ಯೋಚನೆ ಸ್ಮಾರ್ಟ್‌ಫೋನಿಗಿಂತ ಹಳೆಯದು. ಜಪಾನಿನ ನಿಂಟೆಂಡೊ 2000ರಲ್ಲಿ ಗೇಮ್ ಬಾಯ್ ಕಲರ್ ಎಂಬ ಕೈಯಾಟದ ಯಂತ್ರಕ್ಕೆ ಕರ್ಬಿಯ ಆಟವೊಂದನ್ನು ತಂದಾಗ ವಾಲುವಿಕೆಯನ್ನು ಅರಿಯುವ ಸೆನ್ಸರನ್ನು ಆಟದ ಕ್ಯಾಸೆಟ್ಟಿನೊಳಗೇ ಇಟ್ಟಿತ್ತು. 2004ರ ವಾರಿಯೋವೇರ್ ಟ್ವಿಸ್ಟೆಡ್ ಆಟದ ಕ್ಯಾಸೆಟ್ಟಿನಲ್ಲಿ ಗೈರೋ ಬಂತು. 2007ರ ಐಫೋನಿನಲ್ಲಿ ಆಕ್ಸೆಲೆರೋಮೀಟರ್ ಇತ್ತು, 2010ರ ಐಫೋನ್ 4ರಲ್ಲಿ ಗೈರೋಸ್ಕೋಪ್ ಸೇರಿತು. ಈಗ ಅಗ್ಗದ ಆಂಡ್ರಾಯ್ಡ್ ಫೋನಿನಲ್ಲೂ ಮೊದಲನೆಯದು ಇದ್ದೇ ಇರುತ್ತದೆ. ಎರಡನೆಯದು ಇರುವುದು ಖಾತ್ರಿಯಿಲ್ಲ. ಮುಂದಿನ ಮಾತೆಲ್ಲ ಈ ವ್ಯತ್ಯಾಸದ ಮೇಲೆ ನಿಂತಿದೆ.

ಫೋನಿಗೆ ಓರೆ ತಿಳಿಯುವುದು ಹೇಗೆ?

ಆಕ್ಸೆಲೆರೋಮೀಟರನ್ನು ಗಾರೆ ಕೆಲಸದವರ ರಸಮಟ್ಟ ಎಂದು ತಿಳಿದುಕೊಳ್ಳಿ. ಭೂಮಿಯ ಸೆಳೆತ ಯಾವ ಕಡೆಗಿದೆ ಎಂಬುದಷ್ಟೇ ಅದಕ್ಕೆ ಗೊತ್ತು. ಚಿಪ್ಪಿನೊಳಗೆ ಸಿಲಿಕಾನಿನ ಒಂದು ಅತಿಸಣ್ಣ ತುಂಡು ಅಷ್ಟೇ ಸಣ್ಣ ಸ್ಪ್ರಿಂಗುಗಳ ಮೇಲೆ ತೂಗುತ್ತಿರುತ್ತದೆ. ಫೋನು ವಾಲಿದರೆ ಆ ತುಂಡು ಕೂದಲೆಳೆಗಿಂತ ಎಷ್ಟೋ ಕಡಿಮೆ ದೂರ ಜರುಗುತ್ತದೆ, ಆ ಜರುಗುವಿಕೆಯಿಂದ ವಿದ್ಯುತ್ತಿನ ಅಳತೆ ಬದಲಾಗುತ್ತದೆ. ಫೋನನ್ನು ಮೇಜಿನ ಮೇಲೆ ಅಂಗಾತ ಇಟ್ಟಾಗ ಪರದೆಯಿಂದ ಮೇಲಕ್ಕೆ ಹೋಗುವ ದಿಕ್ಕಿನಲ್ಲಿ 9.8 ಎಂಬ ಅಂಕಿ ಬರುತ್ತದೆ, ಉಳಿದೆರಡು ದಿಕ್ಕಿನಲ್ಲಿ ಸೊನ್ನೆಯ ಆಸುಪಾಸು. ಒಂದು ಪಕ್ಕಕ್ಕೆ ಒಂದು ಡಿಗ್ರಿ ಓರೆ ಮಾಡಿದರೆ ಆ ಪಕ್ಕದ ಅಂಕಿ ಸುಮಾರು 0.17ರಷ್ಟು ಬದಲಾಗುತ್ತದೆ. ಬಸ್ಸಿನ ಆಟ ನೋಡುತ್ತಿರುವುದು ಈ ಅಂಕಿಯನ್ನೇ.

ಗೈರೋಸ್ಕೋಪ್ ಬೇರೆ ಜಾತಿ. ಅದಕ್ಕೆ ಭೂಮಿ ಎಲ್ಲಿದೆ ಎಂಬುದು ಗೊತ್ತಿಲ್ಲ. ಫೋನು ಈ ಕ್ಷಣದಲ್ಲಿ ಎಷ್ಟು ವೇಗವಾಗಿ ತಿರುಗುತ್ತಿದೆ ಎಂಬುದನ್ನು ಮಾತ್ರ ಅದು ಹೇಳುತ್ತದೆ. ಎಷ್ಟು ತಿರುಗಿದೆ ಎಂಬುದನ್ನು ಆಟವೇ ಕೂಡಿಸಿ ಲೆಕ್ಕಹಾಕಿಕೊಳ್ಳಬೇಕು. ಕೂಡಿಸುತ್ತ ಹೋದರೆ ಸಣ್ಣ ತಪ್ಪೂ ಬೆಳೆಯುತ್ತದೆ. ಸೆಕೆಂಡಿಗೆ ಅರ್ಧ ಡಿಗ್ರಿಯ ತಪ್ಪಿದ್ದರೆ ಒಂದು ನಿಮಿಷದಲ್ಲಿ ಅದು 30 ಡಿಗ್ರಿ. ಬಿಜಿಎಂಐನಂಥ, ಬಂದೂಕಿನಿಂದ ಗುರಿಯಿಡುವ ಆಟದಲ್ಲಿ ಗುರಿ ತಾನಾಗಿ ಒಂದು ಕಡೆಗೆ ತೇಲಿಹೋಗುವುದು ಇದೇ ಕಾರಣಕ್ಕೆ.

ಇಲ್ಲಿಂದ ಒಂದು ಮುಖ್ಯವಾದ ತಿಳಿವಳಿಕೆ ಸಿಗುತ್ತದೆ. ರಸಮಟ್ಟವನ್ನು ಮಟ್ಟವಾದ ನೆಲದ ಮೇಲೆ ಮಲಗಿಸಿ ಗಡಿಯಾರದ ಮುಳ್ಳಿನ ಹಾಗೆ ತಿರುಗಿಸಿದರೆ ಗುಳ್ಳೆ ಕದಲುವುದಿಲ್ಲ, ಏಕೆಂದರೆ ಓರೆ ಬದಲಾಗಲೇ ಇಲ್ಲ. ಫೋನೂ ಹಾಗೆಯೇ. ತೊಡೆಯ ಮೇಲೆ ಅಂಗಾತವಾಗಿಟ್ಟುಕೊಂಡು ಸ್ಟೇರಿಂಗ್ ತಿರುಗಿಸಿದಂತೆ ತಿರುಗಿಸಿದರೆ ಆಕ್ಸೆಲೆರೋಮೀಟರಿಗೆ ಏನೂ ತಿಳಿಯುವುದಿಲ್ಲ. ಫೋನನ್ನು ಗೋಡೆಯ ಹಾಗೆ ನೆಟ್ಟಗೆ ಎತ್ತಿ ಹಿಡಿದು ತಿರುಗಿಸಿದರೆ ತಿರುವಿನ ಪೂರ್ತಿ ಪಾಲು ಆಟಕ್ಕೆ ಮುಟ್ಟುತ್ತದೆ. ನೆಲಮಟ್ಟದಿಂದ 30 ಡಿಗ್ರಿ ಮಾತ್ರ ಎತ್ತಿ ಹಿಡಿದರೆ ಅರ್ಧದಷ್ಟು, 45 ಡಿಗ್ರಿಯಲ್ಲಿ ಹತ್ತರಲ್ಲಿ ಏಳು ಪಾಲು. ಆಡುತ್ತ ಆಡುತ್ತ ಕೈ ಸೋತು ಫೋನು ಮೆಲ್ಲಗೆ ತೊಡೆಯತ್ತ ಇಳಿದ ಹಾಗೆಲ್ಲ ಬಸ್ಸು 'ಮಾತು ಕೇಳದೆ' ಹೋಗುವುದು ಇದಕ್ಕೇ. ಸಂವೇದನೆಯನ್ನು ಹೆಚ್ಚಿಸಿ ಪ್ರಯೋಜನವಿಲ್ಲ, ಕೈಯನ್ನು ಮೇಲೆತ್ತಬೇಕು.

ಮೊದಲು ಫೋನನ್ನು ಪರೀಕ್ಷಿಸಿ

ಫೋನಿನ ಮೇಲೆ ತಪ್ಪು ಹೊರಿಸುವ ಮುನ್ನ ಅದನ್ನು ಅಳೆದು ನೋಡಿ. ಇದಕ್ಕೆ ಫೈಫಾಕ್ಸ್ ಎಂಬ ಆಪ್ ಇದೆ. ಜರ್ಮನಿಯ ಆಹೆನ್ ನಗರದ ತಾಂತ್ರಿಕ ವಿಶ್ವವಿದ್ಯಾಲಯದವರು ಶಾಲಾ ಕಾಲೇಜುಗಳ ಭೌತಶಾಸ್ತ್ರದ ಪ್ರಯೋಗಕ್ಕೆಂದು ಮಾಡಿದ್ದು. ಉಚಿತ, ಒಮ್ಮೆ ಹಾಕಿಕೊಂಡರೆ ಸೆನ್ಸರ್ ನೋಡಲು ನೆಟ್‌ವರ್ಕ್ ಬೇಕಿಲ್ಲ. ಸ್ಯಾಮ್‌ಸಂಗ್ ಫೋನುಗಳಲ್ಲಿ ಡಯಲ್ ಮಾಡುವ ಜಾಗದಲ್ಲಿ *#0*# ಒತ್ತಿದರೂ ಬಹುಪಾಲು ಮಾದರಿಗಳಲ್ಲಿ ಪರೀಕ್ಷೆಯ ಪುಟ ತೆರೆದು ಸೆನ್ಸರಿನ ಅಂಕಿಗಳು ಕಾಣುತ್ತವೆ.

1. ಆಪ್ ತೆರೆದು ಪಟ್ಟಿಯಲ್ಲಿ ಗೈರೋಸ್ಕೋಪ್ ಎಂಬುದನ್ನು ನೋಡಿ. ಅದು ಮಸುಕಾಗಿ ಕಾಣುತ್ತಿದ್ದರೆ ನಿಮ್ಮ ಫೋನಿನಲ್ಲಿ ಆ ಸೆನ್ಸರ್ ಇಲ್ಲ. ಬಸ್ಸಿನ ಆಟಕ್ಕೆ ಅದರಿಂದ ನಷ್ಟವಿಲ್ಲ. ಗುರಿಯಿಡುವ ಆಟಕ್ಕೆ ಮಾತ್ರ ನಷ್ಟ.

2. ಗುರುತ್ವವೂ ಸೇರಿದ ಆಕ್ಸೆಲೆರೇಷನ್ ಎಂಬ ಪ್ರಯೋಗ ತೆರೆಯಿರಿ. ಫೋನನ್ನು ಗಟ್ಟಿ ಮೇಜಿನ ಮೇಲೆ ಇಟ್ಟು ಎಕ್ಸ್ ಮತ್ತು ವೈ ಅಂಕಿಗಳನ್ನು ಬರೆದುಕೊಳ್ಳಿ. ಹಿಂಬದಿಯ ಕ್ಯಾಮೆರಾ ಉಬ್ಬಿಕೊಂಡಿದ್ದರೆ ಆ ಭಾಗ ಮೇಜಿನ ಅಂಚಿನಿಂದ ಹೊರಗೆ ಬರುವ ಹಾಗಿಡಿ. ಆ ಉಬ್ಬೇ ಒಂದೆರಡು ಡಿಗ್ರಿ ಓರೆ ಕೊಟ್ಟುಬಿಡುತ್ತದೆ.

3. ಅದೇ ಜಾಗದಲ್ಲಿ ಫೋನನ್ನು ತಲೆ ಕಾಲು ಅದಲುಬದಲಾಗುವಂತೆ ಅರ್ಧ ಸುತ್ತು ತಿರುಗಿಸಿಟ್ಟು ಮತ್ತೆ ಬರೆದುಕೊಳ್ಳಿ. ಗಾರೆಯವರು ಹೊಸ ರಸಮಟ್ಟವನ್ನು ಪರೀಕ್ಷಿಸುವುದು ಹೀಗೆಯೇ. ಮೇಜಿನ ಓರೆ ತಿರುಗಿಸಿದಾಗ ತಿರುವುಮುರುವಾಗುತ್ತದೆ, ಸೆನ್ಸರಿನ ತಪ್ಪು ಮಾತ್ರ ಹಾಗೆಯೇ ಉಳಿಯುತ್ತದೆ.

4. ಎರಡು ಅಂಕಿಗಳ ಸರಾಸರಿಯೇ ಸೆನ್ಸರಿನ ತಪ್ಪು. ಉದಾಹರಣೆಗೆ ಎಕ್ಸ್ ಮೊದಲು 0.5 ಬಂದು, ತಿರುಗಿಸಿದಾಗ ಮೈನಸ್ 0.1 ಬಂದರೆ, ಕೂಡಿಸಿದಾಗ 0.4, ಅದರರ್ಧ 0.2. ಅಂದರೆ ಸೆನ್ಸರಿನ ತಪ್ಪು ಒಂದು ಡಿಗ್ರಿಗಿಂತ ತುಸು ಹೆಚ್ಚು. ಉಳಿದ 0.3 ನಿಮ್ಮ ಮೇಜಿನದ್ದು.

ಒಂದೆರಡು ಡಿಗ್ರಿಯ ತಪ್ಪು ಸಾಮಾನ್ಯ. ಆಟದೊಳಗಿನ ಹೊಂದಾಣಿಕೆಯಲ್ಲಿ ಅದು ಮಾಯವಾಗುತ್ತದೆ. ಐದಾರು ಡಿಗ್ರಿ ಬಂದರೆ, ಅಥವಾ ಫೋನನ್ನು ಯಾವ ಕಡೆ ವಾಲಿಸಿದರೂ ಒಂದು ಅಂಕಿ ಕದಲದೆ ನಿಂತಿದ್ದರೆ, ಆಗ ರಿಪೇರಿಯವರನ್ನು ಕೇಳುವುದು ಸರಿ. ಜೋರಾಗಿ ಕೆಳಗೆ ಬಿದ್ದ ಫೋನಿನಲ್ಲಿ ಇದು ಆಗಬಹುದು.

ನಮ್ಮ ಮನೆಗಳಲ್ಲಿ ನೆಲವನ್ನು ಬೇಕೆಂದೇ ನೀರು ಹರಿಯುವ ಕಡೆಗೆ ತುಸು ಇಳಿಜಾರು ಮಾಡಿರುತ್ತಾರೆ, ಜಗಲಿಯಂತೂ ಹೊರಕ್ಕೆ ಇಳಿದೇ ಇರುತ್ತದೆ. ನೆಲದ ಮೇಲೆ ಫೋನಿಟ್ಟು ಕ್ಯಾಲಿಬ್ರೇಟ್ ಒತ್ತಿದರೆ ಆ ಇಳಿಜಾರನ್ನೇ ಫೋನು ಮಟ್ಟ ಎಂದು ಕಲಿತುಬಿಡುತ್ತದೆ. ಅರ್ಧ ಸುತ್ತಿನ ಪರೀಕ್ಷೆ ಮಾಡಿದ ಮೇಲೆ ಮನೆಯಲ್ಲಿ ಮಟ್ಟವಾದ ಜಾಗ ಯಾವುದೆಂದು ಗೊತ್ತಾಗಿರುತ್ತದೆ. ಮುಂದೆಲ್ಲ ಅಲ್ಲೇ ಇಡಿ.

ಆಟಕ್ಕೆ ಹೊಂದಿಸುವ ಕ್ರಮ

ಮೊದಲು ಕೂರುವ ರೀತಿಯನ್ನು ಗಟ್ಟಿಮಾಡಿಕೊಳ್ಳಿ, ಸೆಟ್ಟಿಂಗ್ ಆಮೇಲೆ. ಇದನ್ನು ತಿರುವುಮುರುವು ಮಾಡುವುದರಿಂದಲೇ ಅರ್ಧ ತೊಂದರೆ. ನೆಟ್ಟಗೆ ಕೂತು ಹೊಂದಿಸಿ, ಹತ್ತು ನಿಮಿಷದ ನಂತರ ಗೋಡೆಗೊರಗಿ ಕಾಲು ಚಾಚಿಕೊಂಡರೆ ಫೋನಿನ ಸೊನ್ನೆ ಹಳೆಯ ಜಾಗದಲ್ಲೇ ಉಳಿದಿರುತ್ತದೆ.

1. ಬೆನ್ನಿಗೆ ಆಧಾರವಿರುವ ಜಾಗದಲ್ಲಿ ಕೂತು ಎರಡೂ ಮೊಣಕೈಗಳನ್ನು ತೊಡೆಯ ಮೇಲೋ ದಿಂಬಿನ ಮೇಲೋ ಊರಿ. ಮೊಣಕೈ ಗಾಳಿಯಲ್ಲಿದ್ದರೆ ಭುಜ ಸೋತು ಒಂದು ಕೈ ಇನ್ನೊಂದಕ್ಕಿಂತ ಮೊದಲು ಇಳಿಯುತ್ತದೆ. 'ಬಸ್ಸು ಎಳೆಯುವುದು' ಶುರುವಾಗುವುದು ಅಲ್ಲಿಂದ.

2. ಫೋನನ್ನು ಎದೆಯ ಮಟ್ಟಕ್ಕೆ ತಂದು ಪರದೆಯನ್ನು ಅರ್ಧಕ್ಕಿಂತ ಹೆಚ್ಚು ಎತ್ತಿ ಹಿಡಿಯಿರಿ. ಕತ್ತಿಗೂ ಒಳ್ಳೆಯದು.

3. ಪರದೆ ತಾನಾಗಿ ತಿರುಗುವ ಆಟೋ ರೊಟೇಟನ್ನು ಬಂದ್ ಮಾಡಿ. ಇದರಿಂದ ಆಟದ ಸೆನ್ಸರ್ ನಿಲ್ಲುವುದಿಲ್ಲ, ಪರದೆ ತಲೆಕೆಳಗಾಗುವುದು ಮಾತ್ರ ನಿಲ್ಲುತ್ತದೆ.

4. ಫೋನನ್ನು ಮಟ್ಟವಾದ ಜಾಗದಲ್ಲಿ ಮುಟ್ಟದೆ ಸ್ವಲ್ಪ ಹೊತ್ತು ಬಿಡಿ. ಹಲವು ಫೋನುಗಳು ಅಲುಗಾಡದೆ ಇದ್ದಾಗ ಗೈರೋದ ಸಣ್ಣ ತಪ್ಪನ್ನು ತಾವೇ ತಿದ್ದಿಕೊಳ್ಳುತ್ತವೆ.

5. ಬಸ್ಸಿನ ಆಟದ ಸೆಟ್ಟಿಂಗಿನಲ್ಲಿ ಸ್ಟೇರಿಂಗ್ ಬಗೆಯನ್ನು ಟಿಲ್ಟ್ ಎಂದು ಆರಿಸಿ. ಆಟದಲ್ಲಿ ಕ್ಯಾಲಿಬ್ರೇಟ್ ಗುಂಡಿ ಇದ್ದರೆ, ನೀವು ನಿಜವಾಗಿ ಆಡುವ ಭಂಗಿಯಲ್ಲೇ ಹಿಡಿದು ಒತ್ತಿ. ಕೆಲವು ಆಟಗಳು ಆ ಗುಂಡಿ ಕೊಡುವುದಿಲ್ಲ. ಆಟ ಶುರುವಾದ ಕ್ಷಣದಲ್ಲಿ ಫೋನು ಹೇಗಿತ್ತೋ ಅದನ್ನೇ ಸೊನ್ನೆ ಎಂದು ಹಿಡಿಯುತ್ತವೆ. ಅಂಥ ಆಟದಲ್ಲಿ ಶುರುವಿನ ಗುಂಡಿ ಒತ್ತುವಾಗಲೇ ಭಂಗಿ ಸರಿಯಿರಲಿ.

6. ಸಂವೇದನೆಯನ್ನು ನಡುವಿಗೆ ಇಟ್ಟು, ನೇರ ರಸ್ತೆಯಲ್ಲಿ ನಿಧಾನವಾಗಿ ಓಡಿಸಿ. ಬಸ್ಸು ಹಾವಿನ ನಡೆ ನಡೆಯುತ್ತಿದ್ದರೆ ಸಂವೇದನೆ ಹೆಚ್ಚಾಗಿದೆ, ಸ್ವಲ್ಪ ಇಳಿಸಿ. ಮಾಮೂಲಿ ತಿರುವಿಗೂ ಮಣಿಕಟ್ಟು ನೋಯುವಷ್ಟು ತಿರುಗಿಸಬೇಕಾದರೆ ಕಡಿಮೆಯಾಗಿದೆ, ಏರಿಸಿ. ಒಂದು ಸಲಕ್ಕೆ ಒಂದನ್ನೇ ಬದಲಿಸಿ. ಎರಡು ಮೂರು ಒಟ್ಟಿಗೆ ಬದಲಿಸಿದರೆ ಯಾವುದರಿಂದ ಏನಾಯಿತೆಂದು ತಿಳಿಯುವುದಿಲ್ಲ.

ಅಭ್ಯಾಸ

ಗುಂಡಿಗಿಂತ ವಾಲಿಸುವುದೇ ಬಸ್ಸಿನ ಆಟಕ್ಕೆ ಹೊಂದುತ್ತದೆ ಎಂಬುದು ನನ್ನ ಖಚಿತ ಅಭಿಪ್ರಾಯ. ಗುಂಡಿಗೆ ಗೊತ್ತಿರುವುದು ಎರಡೇ: ಒತ್ತಿದೆ, ಇಲ್ಲವೇ ಬಿಟ್ಟಿದೆ. ವಾಲಿಸುವಾಗ ಸ್ವಲ್ಪ, ಇನ್ನೂ ಸ್ವಲ್ಪ, ಪೂರ್ತಿ ಎಂದು ಅಳತೆಯಲ್ಲಿ ತಿರುಗಿಸಬಹುದು. ಉದ್ದನೆಯ ಬಸ್ಸು ಕೇಳುವುದು ಅದನ್ನೇ. ಆದರೆ ರಿವರ್ಸ್ ಹಾಕಿ ನಿಲ್ದಾಣದ ಅಂಕಣದೊಳಗೆ ನಿಲ್ಲಿಸುವಾಗ ವಾಲಿಸುವುದು ಕಷ್ಟ. ಅಲ್ಲಿ ಸ್ಟೇರಿಂಗನ್ನು ಈ ತುದಿಯಿಂದ ಆ ತುದಿಗೆ ತಿರುಗಿಸಬೇಕು, ಕೈ ಅಷ್ಟು ತಿರುಗಿದರೆ ಪರದೆಯೇ ಕಾಣುವುದಿಲ್ಲ. ಆಗ ಪರದೆಯ ಮೇಲಿನ ಸ್ಟೇರಿಂಗ್ ಚಕ್ರಕ್ಕೆ ಬದಲಿಸಿಕೊಳ್ಳುವುದರಲ್ಲಿ ಸಣ್ಣತನವೇನೂ ಇಲ್ಲ.

ಮೊದಲ ದಿನ ತಿರುವಿನ ರಸ್ತೆಗೆ ಹೋಗಬೇಡಿ. ನೇರ ರಸ್ತೆಯಲ್ಲಿ ಎಡಗಡೆಯ ಗೆರೆಯಿಂದ ಒಂದೇ ಅಂತರ ಕಾಯ್ದುಕೊಂಡು ಹೋಗುವುದನ್ನು ಕಲಿಯಿರಿ. ಕಣ್ಣು ಬಸ್ಸಿನ ಮೂತಿಯ ಮೇಲಿರದೆ ದೂರದ ರಸ್ತೆಯ ಮೇಲಿರಲಿ. ಮೂತಿ ನೋಡುವವರು ತಪ್ಪಾದ ಮೇಲೆ ತಿದ್ದುತ್ತಾರೆ, ದೂರ ನೋಡುವವರಿಗೆ ಮುಂಚೆಯೇ ತಿಳಿಯುತ್ತದೆ. ತಿರುವು ಬಂದಾಗ ತಿರುವಿಗೆ ಮುಂಚೆ ವೇಗ ಇಳಿಸಿ, ಮೆಲ್ಲಗೆ ವಾಲಿಸಿ, ತಿರುವು ಮುಗಿಯುವ ಮೊದಲೇ ಕೈಯನ್ನು ಸೊನ್ನೆಗೆ ತರಲು ಶುರುಮಾಡಿ. ಹೊಸಬರು ತಿರುವು ಪೂರ್ತಿ ಮುಗಿಯುವವರೆಗೆ ವಾಲಿಸಿಯೇ ಇರುತ್ತಾರೆ, ಆಮೇಲೆ ಗಾಬರಿಯಿಂದ ಎದುರು ದಿಕ್ಕಿಗೆ ಎಳೆಯುತ್ತಾರೆ. ಮಹದೇಶ್ವರ ಬೆಟ್ಟದ ಬಸ್ಸಿನಲ್ಲಿ ಮುಂದಿನ ಸೀಟು ಸಿಕ್ಕರೆ ತಾಳಬೆಟ್ಟ ದಾಟಿದ ಮೇಲೆ ಚಾಲಕರ ಕೈಯನ್ನು ನೋಡಿ. ಬಸ್ಸು ತಿರುವಿನಲ್ಲಿರುವಾಗಲೇ ಸ್ಟೇರಿಂಗ್ ಹಿಂದಕ್ಕೆ ಬರುತ್ತಿರುತ್ತದೆ. ಯಾವ ವಿಡಿಯೋ ನೋಡಿದರೂ ಇಷ್ಟು ಚೆನ್ನಾಗಿ ಕಲಿಯಲಾಗದು.

ಘಟ್ಟದ ಬಸ್ಸಿನಲ್ಲಿ ಆಡಬೇಡಿ

ಇದನ್ನು ಬೇರೆಯಾಗಿಯೇ ಹೇಳಬೇಕು. ಕೊಳ್ಳೇಗಾಲದಿಂದ ಲೊಕ್ಕನಹಳ್ಳಿ ಮೇಲೆ ಒಡೆಯರಪಾಳ್ಯಕ್ಕೆ, ಅಲ್ಲಿನ ಟಿಬೆಟಿಯನ್ ಕ್ಯಾಂಪಿಗೆ ಹೋಗುವ ದಾರಿ ಕಾಡು ಗುಡ್ಡಗಳ ನಡುವೆ ಸುತ್ತಿಕೊಂಡು ಏರುತ್ತದೆ. ಬಿಳಿಗಿರಿರಂಗನ ಬೆಟ್ಟದ ದಾರಿಯೂ ಹಾಗೆಯೇ. ಇಂಥ ಪ್ರಯಾಣದಲ್ಲಿ ಹೊತ್ತು ಕಳೆಯಲು ಮಕ್ಕಳ ಕೈಗೆ ಫೋನು ಕೊಡುವುದು ರೂಢಿ. ವಾಲಿಸಿ ಆಡುವ ಆಟ ಅಲ್ಲಿ ಕೆಲಸ ಮಾಡುವುದಿಲ್ಲ, ಅದಕ್ಕೆ ಗಟ್ಟಿಯಾದ ಕಾರಣವಿದೆ.

ಆಕ್ಸೆಲೆರೋಮೀಟರಿಗೆ ಭೂಮಿಯ ಸೆಳೆತ ಯಾವುದು, ವಾಹನದ ಎಳೆತ ಯಾವುದು ಎಂದು ಬೇರ್ಪಡಿಸಲು ಬರುವುದಿಲ್ಲ. ಬಸ್ಸು ಎಡಕ್ಕೆ ತಿರುಗಿದಾಗ ನಾವೆಲ್ಲ ಬಲಕ್ಕೆ ವಾಲುತ್ತೇವಲ್ಲ, ಸೆನ್ಸರಿನೊಳಗಿನ ತುಂಡೂ ಬಲಕ್ಕೇ ಜರುಗುತ್ತದೆ. ಫೋನಿನ ಬಲಬದಿ ಕೆಳಗಾಯಿತು ಎಂದು ಆಟ ತಿಳಿಯುತ್ತದೆ. ಗಂಟೆಗೆ 30 ಕಿಲೋಮೀಟರ್ ವೇಗದಲ್ಲಿ 25 ಮೀಟರ್ ತ್ರಿಜ್ಯದ ತಿರುವನ್ನು ಬಸ್ಸು ಹಾಯುವಾಗ ಈ ಸುಳ್ಳು ಓರೆ ಸುಮಾರು 16 ಡಿಗ್ರಿ. ನೀವು ಕೈಯನ್ನು ಕಲ್ಲಿನಂತೆ ಹಿಡಿದಿದ್ದರೂ, ನೀವು ಕೂತ ಬಸ್ಸು ಎಡಕ್ಕೆ ಹೋದರೆ ಆಟದ ಬಸ್ಸು ಬಲಕ್ಕೆ ಹೋಗಿ ರಸ್ತೆ ಬಿಡುತ್ತದೆ. ಗೈರೋ ಇದ್ದರೂ ಪಾರಾಗಲಾರಿರಿ. ಬಸ್ಸು ಹೇರ್‌ಪಿನ್ ತಿರುವಿನಲ್ಲಿ ಪೂರ್ತಿ ಹಿಂದಿರುಗಿದರೆ ಫೋನೂ ಅಷ್ಟೇ ತಿರುಗಿತು ಎಂದೇ ಗೈರೋ ಲೆಕ್ಕ ಹಾಕುತ್ತದೆ.

ಆಟ ಕೆಡುವುದಕ್ಕಿಂತ ಮೈ ಕೆಡುವುದು ಹೆಚ್ಚು. ಬಸ್ಸಿನ ತಿರುವು ಒಳಕಿವಿಗೆ ಗೊತ್ತಾಗುತ್ತದೆ, ಕಣ್ಣು ಮಾತ್ರ ಪರದೆಯ ಮೇಲಿನ ಬೇರೊಂದು ತಿರುವನ್ನು ನೋಡುತ್ತಿರುತ್ತದೆ. ಈ ಎರಡರ ಜಗಳವೇ ತಲೆಸುತ್ತು, ವಾಂತಿ. ಅಮಾವಾಸ್ಯೆಗೆ ಮಹದೇಶ್ವರ ಬೆಟ್ಟಕ್ಕೆ ಹೋಗುವ ಕಿಕ್ಕಿರಿದ ಬಸ್ಸಿನಲ್ಲಿ ಮಗುವಿಗೆ ಹೀಗಾದರೆ ಇಡೀ ಬಸ್ಸಿಗೆ ಸಂಕಟ. ಮಗು ಆಕಳಿಸತೊಡಗಿದರೆ, ಮುಖ ಬೆಳ್ಳಗಾಗಿ ಬೆವರಿದರೆ ಫೋನು ಇಸಿದುಕೊಂಡು ಕಿಟಕಿಯಾಚೆ ದೂರದ ಬೆಟ್ಟವನ್ನು ನೋಡಿಸಿ. ಮನೆಯಲ್ಲೇ ಕೂತು ಆಡುವಾಗಲೂ ಕೆಲವರಿಗೆ ತಲೆ ತಿರುಗುತ್ತದೆ. ಅಂಥವರು ಬಸ್ಸಿನ ಒಳಗಿನ ನೋಟದ ಬದಲು ಹೊರಗಿನಿಂದ ಕಾಣುವ ನೋಟ ಆರಿಸಿಕೊಂಡರೆ ಅನೇಕರಿಗೆ ಕಡಿಮೆಯಾಗುತ್ತದೆ.

ಗುರಿಯಿಡುವ ಆಟದವರಿಗೆ

ಬಿಜಿಎಂಐ 2021ರ ಜುಲೈನಲ್ಲಿ ಬಂದ ಮೇಲೆ 'ಗೈರೋ ಆನ್ ಮಾಡ್ಕೊ' ಎಂಬುದು ಹುಡುಗರ ಮಾತಿನಲ್ಲಿ ಸೇರಿಹೋಗಿದೆ. ಇಲ್ಲಿ ಗೈರೋದ ಕೆಲಸ ಬಂದೂಕಿನ ತುದಿಯನ್ನು ಸಣ್ಣಗೆ ಸರಿಪಡಿಸುವುದು. ದೊಡ್ಡ ತಿರುವು ಹೆಬ್ಬೆರಳಿನಿಂದ, ಸಣ್ಣ ತಿದ್ದುಪಡಿ ಮಣಿಕಟ್ಟಿನಿಂದ. ಈ ಹಂಚಿಕೆ ತಿಳಿಯದೆ ಎಲ್ಲವನ್ನೂ ಫೋನು ತಿರುಗಿಸಿಯೇ ಮಾಡಹೊರಟವರು ಕೂತಲ್ಲೇ ಗಿರಕಿ ಹೊಡೆಯುತ್ತಾರೆ. ಸೆಟ್ಟಿಂಗಿನಲ್ಲಿ ಮೂರು ಆಯ್ಕೆಗಳಿವೆ: ಬಂದ್, ಸ್ಕೋಪ್ ತೆರೆದಾಗ ಮಾತ್ರ, ಯಾವಾಗಲೂ. ಕಲಿಯುವವರು ನಡುವಿನದ್ದನ್ನು ಆರಿಸಿಕೊಳ್ಳಲಿ. ಸಂವೇದನೆಯ ಅಂಕಿ 400 ಪ್ರತಿಶತದವರೆಗೆ ಹೋಗುತ್ತದೆ. ಯೂಟ್ಯೂಬಿನಲ್ಲಿ ನೋಡಿ ಅದನ್ನೇ ತುಂಬಿಸಿಕೊಂಡವರ ಕೈ ನಡುಗಿದರೂ ಗುರಿ ಹಾರುತ್ತದೆ. ಅರ್ಧದಿಂದ ಶುರುಮಾಡಿ, ಹೆಚ್ಚು ದೊಡ್ಡದಾಗಿ ತೋರಿಸುವ ಸ್ಕೋಪಿಗೆ ಕಡಿಮೆ ಅಂಕಿ ಇಡಿ.

ಗುರಿ ತಾನಾಗಿ ತೇಲುತ್ತಿದ್ದರೆ ಫೈಫಾಕ್ಸಿನಲ್ಲಿ ಗೈರೋ ತೆರೆದು, ಫೋನನ್ನು ಮುಟ್ಟದೆ ಮೇಜಿನ ಮೇಲಿಟ್ಟು ನೋಡಿ. ಮೂರೂ ಅಂಕಿ 0.01ರ ಒಳಗಿದ್ದರೆ ಸರಿ. 0.02 ದಾಟಿದರೆ ಸೆಕೆಂಡಿಗೆ ಒಂದು ಡಿಗ್ರಿಗಿಂತ ಹೆಚ್ಚಿನ ತೇಲುವಿಕೆ. ಗೈರೋದ ತಪ್ಪು ಫೋನಿನ ಬಿಸಿಯ ಜೊತೆ ಬದಲಾಗುತ್ತದೆ ಎಂಬುದನ್ನು ಮರೆಯಬೇಡಿ. ಚಳಿಗಾಲದಲ್ಲಿ ಒಡೆಯರಪಾಳ್ಯದ ಬೆಳಗಿನ ಥಂಡಿಯಲ್ಲಿ ತಣ್ಣಗಾದ ಫೋನಿನಲ್ಲಿ ಹೊಂದಿಸಿ, ಆಮೇಲೆ ಚಾರ್ಜಿಗೆ ಹಾಕಿಕೊಂಡೇ ಆಡುತ್ತ ಹೋದರೆ, ಬಿಸಿಯೇರಿದಂತೆ ಗುರಿ ಜಾರತೊಡಗುತ್ತದೆ. ಸ್ವಲ್ಪ ಹೊತ್ತು ಆಡಿ ಫೋನು ಬೆಚ್ಚಗಾದ ಮೇಲೆ ಹೊಂದಿಸಿಕೊಳ್ಳಿ, ಚಾರ್ಜರ್ ತೆಗೆದಿಟ್ಟು ಆಡಿ.

ನಿಂಟೆಂಡೊ ಸ್ವಿಚ್ ನಮ್ಮ ಸೀಮೆಯಲ್ಲಿ ಅಪರೂಪ. ಹೊರದೇಶದ ನೆಂಟರು ತಂದುಕೊಟ್ಟಿದ್ದರೆ ಅದರ ಸಿಸ್ಟಮ್ ಸೆಟ್ಟಿಂಗಿನಲ್ಲಿ ಚಲನೆಯ ನಿಯಂತ್ರಣವನ್ನು ಕ್ಯಾಲಿಬ್ರೇಟ್ ಮಾಡುವ ಆಯ್ಕೆ ಇದೆ. ಮಟ್ಟದ ಜಾಗದ ನಿಯಮ ಅದಕ್ಕೂ ಒಂದೇ. ಕೈಗೆ ಕಟ್ಟಿಕೊಳ್ಳುವ ಪಟ್ಟಿಯನ್ನು ಕಟ್ಟಿಕೊಂಡೇ ಆಡಿ, ಬೆವರಿದ ಕೈಯಿಂದ ಜಾರಿದ ಕಂಟ್ರೋಲರ್ ಟಿವಿಯ ಗಾಜಿಗೆ ಬಡಿಯುತ್ತದೆ.

ಸಾಮಾನ್ಯವಾಗಿ ಆಗುವ ತಪ್ಪುಗಳು

ಮಲಗಿಕೊಂಡು ಆಡುವುದು ಎಲ್ಲಕ್ಕಿಂತ ದೊಡ್ಡ ತಪ್ಪು. ಅಂಗಾತ ಮಲಗಿ ಮುಖದ ಮೇಲೆ ಫೋನು ಹಿಡಿದರೆ ಪರದೆ ನೆಲಕ್ಕೆ ಮುಖಮಾಡಿರುತ್ತದೆ. ಆಗ ಸ್ಟೇರಿಂಗಿನಂತೆ ತಿರುಗಿಸಿದ್ದು ತಿಳಿಯುವುದೇ ಇಲ್ಲ. ಪಕ್ಕಕ್ಕೆ ಮಲಗಿದರೆ ಫೋನು ಪೂರ್ತಿ ಒಂದು ಬದಿಗೆ ವಾಲಿದಂತೆ ಲೆಕ್ಕ. ಮಲಗಿಯೇ ಆಡಬೇಕೆಂದರೆ ಗುಂಡಿಯೇ ಒಳ್ಳೆಯದು.

ಮ್ಯಾಗ್ನೆಟ್ ಇರುವ ಕವರ್ ಇನ್ನೊಂದು. ಮುಚ್ಚಳದ ಕವರಿನ ಅಯಸ್ಕಾಂತ ಫೋನಿನ ದಿಕ್ಸೂಚಿಯನ್ನು ದಾರಿ ತಪ್ಪಿಸುತ್ತದೆ. ವಾಲಿಸುವ ಆಟಕ್ಕೆ ದಿಕ್ಸೂಚಿ ಬೇಡ, ಆದರೆ ದಿಕ್ಕನ್ನೂ ಬಳಸುವ ಆಟಗಳಲ್ಲಿ ನೋಟ ತಟ್ಟನೆ ಜಿಗಿಯುತ್ತದೆ. ಸ್ಪೀಕರ್ ಪೆಟ್ಟಿಗೆಯ ಪಕ್ಕ ಕೂತು ಆಡಿದರೂ ಹೀಗೆಯೇ.

ಒಮ್ಮೆಲೇ ಏನೂ ಕೆಲಸ ಮಾಡದಿದ್ದರೆ ಡೆವಲಪರ್ ಆಯ್ಕೆಯನ್ನು ಯಾರಾದರೂ ಮುಟ್ಟಿದ್ದಾರೆಯೇ ವಿಚಾರಿಸಿ. ಅಲ್ಲಿ ಸೆನ್ಸರ್ಸ್ ಆಫ್ ಎಂಬ ಗುಂಡಿಯೊಂದಿದೆ. ಅದು ಆನ್ ಆಗಿದ್ದರೆ ಕ್ಯಾಮೆರಾ, ಮೈಕ್‌ಗಳ ಜೊತೆ ಆಕ್ಸೆಲೆರೋಮೀಟರೂ ಗೈರೋವೂ ನಿಂತುಹೋಗಿರುತ್ತವೆ. ಬ್ಯಾಟರಿ ಉಳಿಸುವ ಮೋಡ್ ಹಾಕಿಕೊಂಡು ಆಡುವುದೂ ಬೇಡ. ಫೋನು ನಿಧಾನವಾಗಿ, ವಾಲಿಸಿದ್ದಕ್ಕೂ ಬಸ್ಸು ತಿರುಗಿದ್ದಕ್ಕೂ ನಡುವೆ ತಡವಾಗುತ್ತದೆ. ತಡವಾಯಿತೆಂದು ಕೈ ಇನ್ನೂ ಹೆಚ್ಚು ತಿರುಗಿಸುತ್ತದೆ, ಬಸ್ಸು ಹಾರಿಬೀಳುತ್ತದೆ.

ಮನೆಯ ಹಿರಿಯರಿಗೆ ಎರಡು ಮಾತು. ಕೆಎಸ್‌ಆರ್‌ಟಿಸಿ ಬಣ್ಣ ಬೇಕೆಂದು ಮಕ್ಕಳು ಸಿಕ್ಕಸಿಕ್ಕ ಕಡೆಯಿಂದ ಇಳಿಸಿಕೊಳ್ಳುತ್ತಾರೆ. ಬಸ್ಸಿನ ಬಣ್ಣ ಎಂಬುದು ಬರಿಯ ಚಿತ್ರದ ಫೈಲು, ಹೊಸ ಮಾದರಿಯ ಬಸ್ಸು ಆಟದ ಒಳಗೆ ಸೇರಿಸುವ ಫೈಲು. ಎರಡಕ್ಕೂ ಬೇರೊಂದು ಆಪ್ ಹಾಕಬೇಕಾಗಿಲ್ಲ. ಬಣ್ಣ ಕೊಡುತ್ತೇವೆಂದು ಎಪಿಕೆ ಹಾಕಲು ಹೇಳಿದರೆ, ಎಸ್‌ಎಂಎಸ್ ಓದಲು ಅನುಮತಿ ಕೇಳಿದರೆ, ಅಲ್ಲಿಗೇ ಬಿಟ್ಟುಬಿಡಿ. ಅದೇ ಫೋನಿನಲ್ಲಿ ನಿಮ್ಮ ಬ್ಯಾಂಕಿನ ಓಟಿಪಿಯೂ ಬರುತ್ತದೆ. ಎರಡನೆಯದು ಹೊತ್ತಿನದು. ಮಣಿಕಟ್ಟು ಮತ್ತು ಹೆಬ್ಬೆರಳಿನ ಬುಡ ನೋಯತೊಡಗಿದರೆ ಆ ದಿನದ ಆಟ ಸಾಕು. ವಾಲಿಸುವ ಆಟದಲ್ಲಿ ಫೋನಿನ ಭಾರ ಹೊತ್ತ ಕೈಯೇ ಅದನ್ನು ತಿರುಗಿಸುವ ಕೆಲಸವನ್ನೂ ಮಾಡುವುದರಿಂದ ಗುಂಡಿಯ ಆಟಕ್ಕಿಂತ ಬೇಗ ಸೋಲುತ್ತದೆ.

ಕೊಳ್ಳುವಾಗ

ಈ ಆಟಗಳಿಗೆಂದೇ ಫೋನು ಕೊಳ್ಳುವವರು ಪೆಟ್ಟಿಗೆಯ ಮೇಲೆ ಗೈರೋಸ್ಕೋಪ್ ಎಂದು ಬರೆದಿದೆಯೇ ನೋಡಿ. ವರ್ಚುವಲ್ ಗೈರೋಸ್ಕೋಪ್ ಎಂದಿದ್ದರೆ ಅಲ್ಲಿ ನಿಜವಾದ ಸೆನ್ಸರ್ ಇಲ್ಲ, ಬೇರೆ ಸೆನ್ಸರುಗಳಿಂದ ಅಂದಾಜು ಮಾಡುವ ಸಾಫ್ಟ್‌ವೇರ್ ಅಷ್ಟೇ. ಬಸ್ಸಿನ ಆಟಕ್ಕೆ ಅದೂ ನಡೆಯುತ್ತದೆ, ಗುರಿಯಿಡುವ ಆಟಕ್ಕೆ ತಡವರಿಸುತ್ತದೆ. ಸೆಕೆಂಡ್ ಹ್ಯಾಂಡ್ ಫೋನಾದರೆ ಅಂಗಡಿಯಲ್ಲೇ ಸೆನ್ಸರಿನ ಅಂಕಿಗಳನ್ನು ತೆರೆದು ನೋಡಿ. ಗಲ್ಲಾಪೆಟ್ಟಿಗೆಯ ಮೇಜಿನ ಮೇಲಿಟ್ಟು ಅರ್ಧ ಸುತ್ತಿನ ಪರೀಕ್ಷೆ ಮಾಡಿ, ಎಡಕ್ಕೆ ಬಲಕ್ಕೆ ವಾಲಿಸಿ ಅಂಕಿಗಳು ಸರಾಗವಾಗಿ ಏರಿಳಿಯುತ್ತವೆಯೇ ಗಮನಿಸಿ, ನಡುವೆ ಎಲ್ಲಾದರೂ ತಡೆದು ಜಿಗಿದರೆ ಬೇರೆ ಫೋನು ತೋರಿಸಲು ಹೇಳಿ. ಎಲ್ಲ ಸೇರಿ ಐದು ನಿಮಿಷದ ಕೆಲಸ, ದುಡ್ಡು ಕೊಡುವ ಮುಂಚೆಯೇ ಮಾಡಿಕೊಳ್ಳಿ.